ನಗುವ ಫಿರಂಗಿ

ಮಕ್ಕಳು ಭೂತಪ್ರೇತದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಬರುವ ಹ್ಯಾಲೋವೀನ್ ಹಬ್ಬದ ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ಬೇಲಿಯ ಹತ್ತಿರ ಹೋಗದಿದ್ದರೆ ಆರ್ವಿಲ್ ಪಿಂಕ್ನಿಗೆ ಆ ಗ್ರಹಚಾರ ವಕ್ಕರಿಸುತ್ತಿರಲಿಲ್ಲ. ಬೇಲಿಯಾಚೆ ಪಕ್ಕದ ಮನೆಯ ವರ್ನನ್ ಏಣಿ ಹತ್ತಿ, ಅಂಗಡಿಯಿಂದ ತಂದ ಎರಡಾಳೆತ್ತರದ ಅಸ್ಥಿಪಂಜರಕ್ಕೆ ಟೋಪಿ ತೊಡಿಸುತ್ತಿದ್ದ.

"ಏನಪ್ಪಾ ಆರ್ವಿಲ್, ಈ ಸಲಾನೂ ಬಾಗಿಲ ಮುಂದೆ ಅದೇ ಒಂಟಿ ಕುಂಬಳಕಾಯಿನಾ? ಹೋದ ವರ್ಷ ಮಕ್ಕಳು ನಿಮ್ಮನೇಲಿ ಯಾರೂ ಇಲ್ಲ ಅಂತ ಮಿಠಾಯಿ ಕೇಳದೇ ಹೋದ್ವಂತಲ್ಲೋ!"

ಆರ್ವಿಲ್ ಶಾಲೆಯ ಬಸ್ಸಿನ ಡ್ರೈವರು. ಊರಿನ ಮಕ್ಕಳನ್ನೆಲ್ಲ ದಿನವೂ ಹೊತ್ತು ತಿರುಗುವವನ ಮನೆಗೇ ಒಂದು ಮಗುವೂ ಕಾಲಿಡಲಿಲ್ಲವೆಂದರೆ ಯಾರಿಗೆ ಉರಿಯುವುದಿಲ್ಲ?

"ನೋಡ್ತಿರು!" ಎಂದ. "ಸಂಜೆ ಒಳಗೆ ನನ್ನ ಅಂಗಳದಲ್ಲಿ ಭೂತಗಳ ಸರ್ಕಸ್ಸೇ ನಿಂತಿರುತ್ತೆ. ಅಂಗಡಿಯಿಂದ ಒಂದು ಮೊಳೆನೂ ತರಲ್ಲ. ಕಂಚಿನ ಕುಂಬಳಕಾಯಿ ಈ ವರ್ಷ ನಂದೇ!"

ಕಂಚಿನ ಕುಂಬಳಕಾಯಿ ಎಂದರೆ ಅವರಿದ್ದ ಮೇಪಲ್ ರಸ್ತೆಯವರು ಹಬ್ಬಕ್ಕೆ ಕೊಡುವ ಬಹುಮಾನ. ಮನೆಯಲ್ಲೇ ಕೈಯಾರೆ ಮಾಡಿದ ಅಲಂಕಾರಕ್ಕೆ ಮಾತ್ರ ಅದು ಸಿಗುವುದು.

ಮಾತು ಆಡಿದ್ದಾಯಿತು, ಈಗ ಸರ್ಕಸ್ಸು ಎಲ್ಲಿಂದ ತರುವುದು? ಆರ್ವಿಲ್ ಅಟ್ಟ, ಗ್ಯಾರೇಜು ಎಲ್ಲ ಜಾಲಾಡಿದ. ಅತಿಥಿಗಳಿಗೆಂದು ಹೆಂಡತಿ ಡಾಟಿ ಮಡಿಸಿಟ್ಟಿದ್ದ ಬಿಳಿ ಹಾಸಿಗೆ ಬಟ್ಟೆಗೆ ಕೆಂಪು ಪಟ್ಟೆ ಬಳಿದು ಡೇರೆ ಎಬ್ಬಿಸಿದ. ನೆಲ ಒರೆಸುವ ಕೋಲಿನ ಜೂಲು ಸಿಂಹದ ಕೇಸರವಾಯಿತು. ಹಳೇ ಪೇಪರಿಗೆ ಮೈದಾ ಅಂಟು ಹಚ್ಚಿ ಸಿಂಹದ ಮುಖ ಮಾಡಿದ. ಅಂಟು ಒಣಗುವ ಮೊದಲೇ ವರ್ನನ್ನನ ನಾಯಿ ಬಂದು ಸಿಂಹದ ಮೂಗು, ಒಂದು ಕಿವಿ ನೆಕ್ಕಿ ಖಾಲಿ ಮಾಡಿತು.

ಬಹುಮಾನದ ತೀರ್ಪುಗಾರ್ತಿ ಮಿಸೆಸ್ ಹ್ಯಾಸ್ಕಲ್ ಅದೇ ಹೊತ್ತಿಗೆ ಆ ಕಡೆ ಬಂದರು. ಆರ್ವಿಲ್‌ಗೂ ಅಕ್ಷರ ಕಲಿಸಿದ್ದ ನಿವೃತ್ತ ಟೀಚರು.

"ಕುರಿ ಚೆನ್ನಾಗಿದೆ ಕಣೋ. ಆದ್ರೆ ಸರ್ಕಸ್ಸಲ್ಲಿ ಕುರಿ ಯಾಕೆ?"

"ಅದು ಸಿಂಹ, ಟೀಚರ್."

"ಅಯ್ಯೋ ಪಾಪ! ಹುಷಾರಿಲ್ವಾ ಅದಕ್ಕೆ?" ಎಂದು ಮರುಕಪಟ್ಟು ಮುಂದೆ ನಡೆದರು.

ಇನ್ನುಳಿದದ್ದು ಒಂದೇ ಆಸೆ: ಫಿರಂಗಿ. ಸರ್ಕಸ್ಸಿನಲ್ಲಿ ಮನುಷ್ಯನನ್ನೇ ಗುಂಡಿನಂತೆ ಹಾರಿಸುತ್ತಾರಲ್ಲ, ಅಂಥದ್ದು. ಎರಡು ಪ್ಲಾಸ್ಟಿಕ್ ಡ್ರಮ್ಮುಗಳ ತಳ ಕೊಯ್ದು ಒಂದಕ್ಕೊಂದು ಜೋಡಿಸಿ, ಕಪ್ಪು ಬಣ್ಣ ಬಳಿದು, ತಳ್ಳುಗಾಡಿಯ ಮೇಲೆ ಓರೆಯಾಗಿ ಮಲಗಿಸಿದ. ಹಳೇ ಪ್ಯಾಂಟಿಗೆ ಒಣಗೆಲೆ ತುಂಬಿ, ಕಾಲು ಮೇಲೆ ಮಾಡಿ ಫಿರಂಗಿಯ ಬಾಯಲ್ಲಿ ಸಿಕ್ಕಿಸಿದ, ಒಳಗೊಂದು ಕೆಂಪು ದೀಪ ಇಟ್ಟ. ತಾನೂ ಪಟ್ಟೆಪಟ್ಟೆ ಚಡ್ಡಿ ತೊಟ್ಟು ಜೋಕರ್ ಆಗಿ ನಿಂತ. ನೋಡಿದ ಡಾಟಿಯೇ ಚಪ್ಪಾಳೆ ಹೊಡೆದಳು.

ಅಷ್ಟರಲ್ಲಿ ದೀಪ ಆರಿತು. ಕತ್ತಲಾಗುತ್ತಿತ್ತು. ಆರ್ವಿಲ್ ಎಲೆಯ ಕಾಲುಗಳನ್ನು ಕಿತ್ತೆಸೆದು, ಅಂಟು ಮೆತ್ತಿದ್ದ ಬೂಟು ಕಳಚಿ, ತಲೆ ಮುಂದಾಗಿ ಫಿರಂಗಿಯೊಳಗೆ ನುಗ್ಗಿದ. ದೀಪವೇನೋ ಹೊತ್ತಿತು. ಆದರೆ ಎರಡು ಡ್ರಮ್ಮು ಕೂಡುವ ಕಡೆ ಅವನ ಹೊಟ್ಟೆ ಬಾಟಲಿಗೆ ಬಿರಡೆ ಜಡಿದಂತೆ ಕೂತುಬಿಟ್ಟಿತು.

"ಡಾಟೀ! ಸಿಕ್ಕಾಕ್ಕೊಂಡೆ!"

ಡಾಟಿ ಒಂದು ಕಾಲು, ವರ್ನನ್ ಒಂದು ಕಾಲು ಹಿಡಿದು ಜಗ್ಗಿದರು. ಚಡ್ಡಿ ಜಾರಲು ಶುರುವಾಯಿತೇ ಹೊರತು ಆರ್ವಿಲ್ ಜಾರಲಿಲ್ಲ.

"ಇರು, ನಮ್ಮಣ್ಣನ್ನ ಕರ್ಕೊಂಡು ಬರ್ತೀನಿ, ಉಸಿರಾಡ್ತಾ ಇರು," ಎಂದು ಡಾಟಿ ಕಾರು ಹತ್ತಿದಳು. ವರ್ನನ್ ಬಹುಮಾನದ ಆಸೆಗೆ ತನ್ನ ಅಂಗಳಕ್ಕೆ ಹೋಗಿ ನಿಂತ.

ಮಕ್ಕಳ ಮೊದಲ ತಂಡ ಬಂತು. ಫಿರಂಗಿಯ ಬಾಯಲ್ಲಿ ಒದ್ದಾಡುವ ಎರಡು ಬರಿಗಾಲು! "ಯಾರಾದ್ರೂ ಎಳೀರೋ!" ಎಂದು ಒಳಗಿನಿಂದ ದೆವ್ವದಂಥ ದನಿ. ಮಾಟಗಾತಿ ವೇಷದ ಪುಟ್ಟ ಹುಡುಗಿಯೊಬ್ಬಳು ಧೈರ್ಯ ಮಾಡಿ ಅಂಗಾಲಿಗೆ ಕಚಗುಳಿ ಇಟ್ಟಳು.

"ಹೀಹೀಹೀ... ಬೇಡಾ... ಹೋಹೋಹೋ!"

ಫಿರಂಗಿ ನಗುತ್ತಿದೆ! ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಮಕ್ಕಳ ಸಾಲು ರಸ್ತೆಯ ತಿರುವು ದಾಟಿತು. ಅಪ್ಪಂದಿರು, ಅಮ್ಮಂದಿರು ಕೂಡ ಸಾಲಿನಲ್ಲಿ ನಿಂತರು. ವರ್ನನ್ನನ ಅಸ್ಥಿಪಂಜರದ ಕಡೆಗೆ ನಾಯಿಯೂ ತಿರುಗಿ ನೋಡಲಿಲ್ಲ. ನಕ್ಕು ನಕ್ಕು ಪ್ರಾಣ ಹೋಗುತ್ತಿದ್ದರೂ ಆರ್ವಿಲ್‌ಗೆ ಒಳಗೊಳಗೇ ಖುಷಿ. ಕುಂಬಳಕಾಯಿ ನಂದೇ ಅಂದುಕೊಂಡ.

ಮಿಸೆಸ್ ಹ್ಯಾಸ್ಕಲ್ ಬಂದು ಕನ್ನಡಕ ಸರಿಮಾಡಿಕೊಂಡು ಕಾಲ್ಬೆರಳುಗಳನ್ನು ಹಿಂಡಿ ನೋಡಿದರು. ಫಿರಂಗಿ ಕಿರುಚಿತು.

"ಮೋಟಾರು, ಧ್ವನಿಮುದ್ರಣ, ರಬ್ಬರಿನ ಚರ್ಮ! ಹಗಲು ಕುರಿ ಮಾಡಿದ ಕೈ ರಾತ್ರಿಗೆ ಇದನ್ನ ಮಾಡುತ್ತಾ? ಯಾರೋ ಅಂಗಡಿಯಿಂದ ತಂದಿದ್ದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ, ವರ್ನನ್ ಸರಕ್ಕನೆ ತನ್ನ ಅಸ್ಥಿಪಂಜರದ ಬೆಲೆಚೀಟಿ ಕಿತ್ತು ಜೇಬಿಗೆ ತುರುಕಿದ.

"ಟೀಚರ್, ನಾನು! ಆರ್ವಿಲ್!" ಫಿರಂಗಿ ಅಂಗಲಾಚಿತು.

"ನೋಡಿ, ಹೆಸರೂ ಹೇಳುತ್ತೆ. ಬಹುಮಾನದಿಂದ ಹೊರಗೆ!"

ಅಷ್ಟರಲ್ಲಿ ಡಾಟಿ ಅಣ್ಣನ ಜತೆ ಓಡಿಬಂದಳು. ಅಡುಗೆ ಎಣ್ಣೆಯ ಡಬ್ಬಿಯನ್ನು ಒಳಗೆ ಬಗ್ಗಿಸಿ ಇಬ್ಬರೂ ಎಳೆದರು. ಪ್ಲಕ್ ಎಂದು ಆರ್ವಿಲ್ ಹುಲ್ಲಿನ ಮೇಲೆ ಬಿದ್ದ, ಆಗ ತಾನೇ ಕರಿದು ತೆಗೆದ ಡೋನಟ್ಟಿನಂತೆ ಮಿರುಗುತ್ತಾ.

"ಈಗ ನಂಬ್ತೀರಾ ಟೀಚರ್? ಅಂಗಡಿ ಸಾಮಾನಲ್ಲ, ಮನುಷ್ಯ!"

ಮಿಸೆಸ್ ಹ್ಯಾಸ್ಕಲ್ ಅವನ ಕೆನ್ನೆ ಹಿಂಡಿ ನೋಡಿದರು. ಮುಖ ಅರಳಿತು.

"ಹೌದಲ್ಲೋ! ನನ್ನದು ತಪ್ಪಾಯ್ತಪ್ಪ, ಕ್ಷಮಿಸು. ನೀನು ಏನನ್ನೂ ಕೊಂಡು ತಂದಿಲ್ಲ."

"ಹಾಗಾದ್ರೆ ಕುಂಬಳಕಾಯಿ..."

"ಅದೆಂಗಾಗುತ್ತೆ? ಬಹುಮಾನ ಮನೇಲಿ ಮಾಡಿದ ಅಲಂಕಾರಕ್ಕೆ. ನಿನ್ನನ್ನ ಮಾಡಿದ್ದು ನಿಮ್ಮಪ್ಪ ಅಮ್ಮ. ನೀನು ಹುಟ್ಟಿದ್ದು ಜಿಲ್ಲಾ ಆಸ್ಪತ್ರೇಲಿ!"

ಕಂಚಿನ ಕುಂಬಳಕಾಯಿ ವರ್ನನ್ನನ ಪಾಲಾಯಿತು. ಅಸ್ಥಿಪಂಜರಕ್ಕಲ್ಲ, ಅವನ ಹೆಂಡತಿ ಒಣಗಲು ಹಾಕಿ ಮರೆತಿದ್ದ ದುಪ್ಪಟಿಗೆ. ಟೀಚರ್ ಅದನ್ನು ಕೈಯಾರೆ ಮಾಡಿದ ಭೂತ ಅಂದುಕೊಂಡರು.

ಆರ್ವಿಲ್ ಪೆಚ್ಚಾಗಿ ಮನೆಯ ಮೆಟ್ಟಿಲ ಕಡೆ ತಿರುಗಿದ. ಬೆನ್ನ ಹಿಂದೆ ಅಳು ಕೇಳಿಸಿತು. ಸಾಲಿನ ಮುಂದಿದ್ದ, ಕಡಲ್ಗಳ್ಳನ ವೇಷದ ಪುಟಾಣಿಯೊಬ್ಬ, ತನ್ನ ಸರದಿ ಬರುವಾಗಲೇ ಫಿರಂಗಿ ನಿಂತುಹೋಯಿತೆಂದು ಬಿಕ್ಕುತ್ತಿದ್ದ.

"ಪಾಪ, ಹೋಗು," ಎಂದಳು ಡಾಟಿ, ನಗು ತಡೆದುಕೊಂಡು. "ಡಬ್ಬೀಲಿ ಇನ್ನೂ ಸ್ವಲ್ಪ ಎಣ್ಣೆ ಇದೆ."

ಆರ್ವಿಲ್ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದ. ಅವನ ಬಸ್ಸಿನ ಮಕ್ಕಳೆಲ್ಲ ಅವನ ಮನೆಯ ಮುಂದೆಯೇ! ಚಡ್ಡಿ ಏರಿಸಿಕೊಂಡು, ಉಸಿರು ಬಿಗಿಹಿಡಿದು, ಮತ್ತೆ ಫಿರಂಗಿಯೊಳಗೆ ತಲೆ ತೂರಿಸಿದ.