ತಲೆ ಒಳಗಿರಬೇಕು

ಗೆದ್ದಲು ತಿಂದ ಕಿಟಕಿ ಭಾನುವಾರ ಬೆಳಿಗ್ಗೆ ಸರಳು, ಚೌಕಟ್ಟು ಸಮೇತ ಹಿತ್ತಲಿಗೆ ಬಿದ್ದಾಗ ಬದರಿನಾಥನ ಅರ್ಧ ಜೀವ ಅದರ ಜೊತೆಗೇ ಹೋಯಿತು. ಹೆಂಡತಿ ಪಂಕಜಾ ತವರಿಗೆ ಹೋಗಿದ್ದಳು. ಜೆ.ಪಿ. ನಗರದ ಆ ಕೊನೆಯಲ್ಲಿ ಎಂಬತ್ತೇಳನೇ ಇಸವಿಯಲ್ಲೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹಿಂದಿನ ವಾರವಷ್ಟೇ ಪುಟ್ಟೇನಹಳ್ಳಿ ಕಡೆ ನುಗ್ಗಿದ ಕಳ್ಳರು ಒಲೆಯ ಮೇಲಿದ್ದ ಕುಕ್ಕರನ್ನೂ ಬಿಟ್ಟಿರಲಿಲ್ಲ. ಕಿಟಕಿಯಿಲ್ಲದ ಮನೆಯಲ್ಲಿ ಒಬ್ಬನೇ ಮಲಗುವುದೇ?

ಪುಣ್ಯಕ್ಕೆ ಬಾಂಬೆಯ ಭಾವಮೈದ ಕಳಿಸಿದ್ದ ಹೊಸ ಬಗೆಯ ಪ್ಲಾಸ್ಟಿಕ್ ಕಿಟಕಿ ಮಂಚದ ಕೆಳಗಿತ್ತು. ಬಡಗಿ ಬೈರಣ್ಣ ಊರಲ್ಲಿರಲಿಲ್ಲ. ಬದರಿ ತಾನೇ ಮೊಳೆ ಡಬ್ಬಿ ಹಿಡಿದು ನಿಂತ.

"ಮೊಳೆ ಹೊಡೀಬೇಡಿ, ಹಪ್ಪಳದ ಥರ ಒಡ್ದೋಗುತ್ತೆ!" ಎಂದು ಪಕ್ಕದ ಮನೆಯ ನಾಗಲಕ್ಷ್ಮಮ್ಮ ಕಾಂಪೌಂಡಿನಾಚೆಯಿಂದ ಕೂಗಿದರು.

ಅವನು ಜಯನಗರದವರೆಗೆ ಸೈಕಲ್ ತುಳಿದು ಉದ್ದದ ಸ್ಕ್ರೂ ತಂದ. ಗೋಡೆಗೆ ಮರದ ಬೆಣೆ ಬಡಿದು, ಕಿಟಕಿಯ ಅಂಚಿನ ಪಟ್ಟಿಯನ್ನು ಹೊರಗೋಡೆಗೆ ಒತ್ತಿ ಹಿಡಿಯುವಷ್ಟರಲ್ಲಿ ಎದುರು ಮನೆಯ ಉಗ್ರಪ್ಪ ಬಂದರು. ಅವರು ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್. ಕಳ್ಳರ ವಿಷಯದಲ್ಲಿ ಅವರ ಮಾತೇ ಕೊನೆ.

"ಏನ್ರೀ ಇದು, ಸ್ಕ್ರೂ ತಲೆ ಹೊರಗಡೆ? ಕಳ್ಳ ಒಂದು ಸ್ಕ್ರೂಡ್ರೈವರ್ ತಂದ್ರೆ ಆಯ್ತು, ಕಿಟಕೀನ ಕಂಕುಳಲ್ಲಿ ಇಟ್ಕೊಂಡು ಹೋಗ್ತಾನೆ. ತಲೆ ಯಾವತ್ತೂ ಒಳಗಿರ್ಬೇಕು!"

ಬದರಿ ಒತ್ತಿ ಹಿಡಿದಿದ್ದ ಕಿಟಕಿಯನ್ನು ಕೆಳಗಿಳಿಸಿದ. "ಹಾಗಾದ್ರೆ ಕಿಟಕೀನೇ ತಿರುಗಿಸಿ ಒಳಗಿಂದ ಕೂರಿಸ್ಲಾ ಸಾರ್?"

"ಈಗ ಬುದ್ಧಿ ಬಂತು ನೋಡಿ."

"ಏನಾದ್ರೂ ಮಾಡ್ಕೊಳ್ಳಿ, ನಾಲ್ಕೂವರೆಗೆ ರಾಹುಕಾಲ ಶುರು!" ಎಂದು ನಾಗಲಕ್ಷ್ಮಮ್ಮ ಮತ್ತೆ ಕೂಗಿದರು.

ರಾಹು, ಕಳ್ಳ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದಾರೇನೋ ಎಂಬಂತೆ ಬದರಿ ಗಡಿಬಿಡಿಯಲ್ಲಿ ಕಿಟಕಿ ತಿರುಗಿಸಿ, ಒಳಗಿನಿಂದ ಸ್ಕ್ರೂ ಬಿಗಿದ. ಆದರೂ ಧೈರ್ಯ ಸಾಲಲಿಲ್ಲ. ಕಳ್ಳ ಒಳಗೆ ಬಂದು ಬಿಚ್ಚಿದರೆ? ಭಯಕ್ಕೆ ತರ್ಕ ಎಲ್ಲಿಂದ ಬರಬೇಕು! ಅರ ಹಿಡಿದು ಒಂದೊಂದು ಸ್ಕ್ರೂವಿನ ತಲೆಯ ಗೀರನ್ನೂ ಉಜ್ಜಿ ನುಣ್ಣಗೆ ಮಾಡಿದ. ಇನ್ನು ಬ್ರಹ್ಮ ಬಂದರೂ ಬಿಚ್ಚುವಂತಿರಲಿಲ್ಲ. ಆಮೇಲಷ್ಟೇ ಅವನಿಗೆ ಹಸಿವಾಯಿತು.

ಕತ್ತಲಾಗುತ್ತಲೇ ಕಿಟಕಿ ಮುಚ್ಚಿ, ಚಿಲಕ ಹಾಕಲು ಕೈಯಿಟ್ಟ. ಚಿಲಕವಿರಲಿಲ್ಲ. ಮೇಲೆ, ಕೆಳಗೆ ತಡಕಾಡಿದ. ಎಲ್ಲೂ ಇಲ್ಲ. ಅಷ್ಟರಲ್ಲಿ ಹೊರಗಿನಿಂದ 'ಟಕ್' ಎಂದು ಸದ್ದಾಯಿತು.

"ಯಾ... ಯಾರು?"

"ನಾನೇ ಕಣ್ರೀ, ಉಗ್ರಪ್ಪ. ನಿಮ್ಮ ಚಿಲಕ ಹೊರಗಡೆ ಬಂದ್ಬಿಟ್ಟಿದೆ. ಹೆದರ್ಬೇಡಿ, ದಿನಾ ಸಂಜೆ ನಾನೇ ಬಂದು ಹಾಕ್ತೀನಿ. ಆದ್ರೆ ಕಳ್ಳ ಬಂದು ಹೋದ್ಮೇಲೆ ವಾಪಸ್ ಹಾಕ್ತಾನೋ ಇಲ್ವೋ, ಅದು ಮಾತ್ರ ಹೇಳಕ್ಕಾಗಲ್ಲ."