ಕರುಳು ಯಾರಿಗೆ?

ಬಾಲಕೃಷ್ಣ ಅಂಕಲ್ ತೀರಿಕೊಂಡು ಇನ್ನೂ ವಾರವಾಗಿರಲಿಲ್ಲ. ಸ್ಯಾನ್ ಡಿಯೇಗೊದ ಸ್ಕ್ರಿಪ್ಸ್ ರ್ಯಾಂಚಿನಲ್ಲಿರುವ ಅವರ ಮಗಳ ಮನೆಯ ಗರಾಜಿನಲ್ಲಿ, ಯಾರೂ ಏನೂ ಕೇಳದೇ ಇದ್ದಾಗ, ಇಂದುಧರ ಬಾಯಿ ಬಿಟ್ಟ.

“ವ್ಯೂರ್ತ್ಸ್‌ಬುರ್ಗಲ್ಲಿ ಬಿಷಪ್ ಸತ್ರೆ ಮೂರು ಕಡೆ ಮಣ್ಣು ಮಾಡ್ತಿದ್ರು.”

ಅಲ್ಲಿಯವರೆಗೆ ಜಗಳವಾಡುತ್ತಿದ್ದ ಮೂವರೂ ಒಟ್ಟಿಗೆ ಅವನ ಕಡೆ ತಿರುಗಿದರು.

ಜಗಳ ಅಸ್ಥಿಯದು. ಅದನ್ನು ಮನೆಯೊಳಗೆ ತರಬಾರದೆಂದು ಮೈಸೂರಿನಿಂದ ಅಪ್ಪಣೆಯಾಗಿತ್ತು. ಹೊರಗೆ ನಿಂಬೆಗಿಡಕ್ಕೆ ಕಟ್ಟಿದರೆ ಕಾಲೊನಿಯ ಅಸೋಸಿಯೇಷನ್ನಿನವರು ಫೋಟೊ ತೆಗೆದು ನೋಟಿಸು ಕಳಿಸುತ್ತಾರೆ. ಹೀಗಾಗಿ ಅಂಕಲ್ ಗರಾಜಿನ ವಾಷಿಂಗ್ ಮಷೀನಿನ ಮೇಲೆ ಡಬ್ಬಿಯಲ್ಲಿ ಕೂತಿದ್ದರು. ಮಗ ಗಿರಿಧರ್ ಲಾಸ್ ಏಂಜಲೀಸ್ ಪಕ್ಕದ ತನ್ನ ಎಲ್ ಸೆಗುಂಡೋ ಮನೆಯ ಹತ್ತಿರದ ಸಮುದ್ರದಲ್ಲಿ ಬಿಡುತ್ತೇನೆ ಎನ್ನುತ್ತಿದ್ದ. ಮಗಳು ಪ್ರಣತಿ, ಅಪ್ಪ ಇದ್ದಿದ್ದು ಸ್ಯಾನ್ ಡಿಯೇಗೊದಲ್ಲಿ, ಇರುವುದೂ ಇಲ್ಲೇ ಎನ್ನುತ್ತಿದ್ದಳು. ಅಂಕಲ್ ತಮ್ಮ ಜಯಂತ ಮೈಸೂರಿನಿಂದ ವಿಡಿಯೊ ಕಾಲಿನಲ್ಲಿ, ಶ್ರೀರಂಗಪಟ್ಟಣದ ಸಂಗಮ ಬಿಟ್ಟು ಬೇರೆ ಮಾತೇ ಇಲ್ಲ ಎನ್ನುತ್ತಿದ್ದರು. ಅಂಕಲ್ ಹೆಂಡತಿ ರಾಜಲಕ್ಷ್ಮಿ ಆಂಟಿ ಮೂಲೆಯಲ್ಲಿ ಮಡಚುವ ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದರು.

ಇಂದುಧರನಿಗೆ ಇದರಲ್ಲಿ ಪಾಲಿರಲಿಲ್ಲ, ಅವಸರವಿತ್ತು. ಅವನು ಗಿರಿಧರ್ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ, ಲಾಸ್ ಏಂಜಲೀಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ವಿಷಯ: ಜರ್ಮನಿಯ ವ್ಯೂರ್ತ್ಸ್‌ಬುರ್ಗನ್ನು ಆಳಿದ ಬಿಷಪ್ಪರು. ಮಠದ ಸ್ವಾಮಿಗಳೂ ಅವರೇ, ದೊರೆಗಳೂ ಅವರೇ. ಅಂದು, ಶುಕ್ರವಾರ, ಮಧ್ಯಾಹ್ನ ಮೂರಕ್ಕೆ ಅವನ ಮೌಖಿಕ ಪರೀಕ್ಷೆ. ಒಮ್ಮೆ ಆಗಲೇ ಫೇಲಾಗಿದ್ದ. ಈ ಸಲವೂ ಹೋದರೆ ಸೀಟು ಹೋಗುತ್ತದೆ, ಸೀಟಿನ ಬೆನ್ನಿಗೆ ವೀಸಾ. ಇಲ್ಲಿಗೆ ಬಂದಿದ್ದು ಗಿರಿಧರ್ ಕಾರಿನಲ್ಲಿ. ಜಗಳ ಮುಗಿಯದೆ ಗಿರಿಧರ್ ಹೊರಡುವುದಿಲ್ಲ, ಗಿರಿಧರ್ ಹೊರಡದೆ ಇವನು ಹೊರಡುವ ಹಾಗಿಲ್ಲ.

“ಮೂರು ಕಡೆ ಅಂದ್ರೆ ಹೇಗಪ್ಪಾ?” ಫೋನಿನೊಳಗಿಂದ ಜಯಂತ ಕೇಳಿದರು.

“ದೇಹ ಊರಿನ ದೊಡ್ಡ ಚರ್ಚಿಗೆ ಅಂಕಲ್. ಹೃದಯ ದೂರದ ಒಂದು ಮಠಕ್ಕೆ. ಕರುಳು ಬೆಟ್ಟದ ಮೇಲಿನ ಕೋಟೆಗೆ. ಮೂರು ಕಡೆಯವರಿಗೂ ಸಮಾಧಾನ. ನೂರಾರು ವರ್ಷ ನಡೀತು.”

“ಆ ಬರ್ಗರ್ ಊರಿನೋರಿಗೆ ಇರೋ ಬುದ್ಧಿ ನಮಗಿಲ್ವಲ್ಲೋ ಗಿರಿ!” ಎಂದರು ಜಯಂತ.

ಪಕ್ಕದ ಮನೆ ವಿಕಾಸ್ ಬಾಗಿಲಲ್ಲೇ ನಿಂತಿದ್ದ. ಸಾವಿನ ಮನೆಗೆ ಮೊದಲು ಬಂದು ಕೊನೆಗೆ ಹೋಗುವ ಜಾತಿ. “ಸೂಪರ್ ಐಡಿಯಾ. ನಂಗೆ ಮಧ್ಯಾಹ್ನಾನೇ ಇಂಡಿಯಾ ಫ್ಲೈಟು. ಮೈಸೂರಿನ ಪಾರ್ಸೆಲ್ ನಾನೇ ತಗೊಂಡು ಹೋಗ್ತೀನಿ.”

“ಪಾರ್ಸೆಲ್ ಅಂತೆ!” ಪ್ರಣತಿಯ ಕಣ್ಣು ತುಂಬಿತು. ಆದರೂ ಒಳಗೆ ಹೋಗಿ ಒಂದು ಸೌಟು, ಮೂರು ಸ್ಟೀಲ್ ಡಬ್ಬಿ ತಂದಳು.

ಇಂದುಧರ ಒಳಗೊಳಗೇ ಲೆಕ್ಕ ಹಾಕಿದ. ಲಾಸ್ ಏಂಜಲೀಸಿಗೆ ಎರಡೂವರೆ ಗಂಟೆಯ ದಾರಿ, ಈಗ ಹೊರಟರೆ ಆರಾಮಾಗಿ ತಲುಪಬಹುದು.

“ಹೃದಯ ನಂಗೆ. ಹಿರೀ ಮಗ ನಾನು,” ಎಂದ ಗಿರಿಧರ್.

“ಹಾರ್ಟ್ ಡಾಕ್ಟರ್ ಹತ್ರ ಪ್ರತೀ ಸಲ ಕರ್ಕೊಂಡು ಹೋಗಿದ್ದು ಯಾರು? ಸ್ಟೆಂಟ್ ಹಾಕ್ಸಿದ್ದು ಯಾರು? ಹೃದಯ ನಂದು,” ಎಂದಳು ಪ್ರಣತಿ.

“ನಿಮ್ಮಪ್ಪನ ಹೃದಯ ಯಾವತ್ತೂ ಮೈಸೂರಲ್ಲೇ ಇತ್ತಮ್ಮ, ನಿಂಗೇನ್ ಗೊತ್ತು!” ಎಂದರು ಜಯಂತ. “ಅದ್ರಲ್ಲಿ ಎದೆ ಮೂಳೆ ಯಾವ್ದು ನೋಡಪ್ಪಾ ಇಂದುಧರ.”

ಇಂದುಧರ ಮುಚ್ಚಳ ತೆಗೆದ. ಇಲ್ಲಿನ ಚಿತಾಗಾರದವರು ಮೂಳೆ ಕೊಡುವುದಿಲ್ಲ, ನುಣ್ಣಗೆ ಪುಡಿ ಮಾಡಿ ಕೊಡುತ್ತಾರೆ. ಅಂಕಲ್ ಗಿರಣಿಯಿಂದ ಆಗಷ್ಟೇ ಬಂದ ಹಿಟ್ಟಿನಂತಿದ್ದರು.

“ನೀನು ಡಾಕ್ಟರ್ ತಾನೇ? ಗುರುತು ಸಿಗಲ್ವಾ?” ಎಂದ ವಿಕಾಸ್.

“ಹಿಸ್ಟರಿ ಡಾಕ್ಟ್ರು. ಅದೂ ಇನ್ನೂ ಆಗಿಲ್ಲ.”

“ಕರುಳು ಯಾರಿಗೆ ಹೋಗತ್ತೆ ಹಾಗಾದ್ರೆ?” ವಿಕಾಸ್ ಬಿಡಲಿಲ್ಲ.

ಗಿರಿಧರ್ ಗೊಣಗಿದ: “ಅಪ್ಪ ಜೀವಮಾನವೆಲ್ಲಾ ಗ್ಯಾಸ್ಟ್ರಿಕ್ಕಲ್ಲಿ ಒದ್ದಾಡಿದ್ರು. ಆ ಕರುಳು ನಂಗ್ಯಾಕೆ?”

ಗಂಟೆ ಹನ್ನೊಂದಾಯಿತು, ಹನ್ನೆರಡಾಯಿತು. ಹೃದಯಕ್ಕೆ ಮೂವರು, ಕರುಳಿಗೆ ಒಬ್ಬರೂ ಇಲ್ಲ. ಇಂದುಧರನಿಗೆ ತನ್ನ ಕರುಳೇ ಕಿವುಚಿದಂತಾಯಿತು. ಉಪಾಯ ಹೊಳೆದದ್ದೂ ಅಲ್ಲಿಂದಲೇ.

“ಅಲ್ಲಾ, ಕನ್ನಡದೋರಾಗಿ ಹೃದಯಕ್ಕೆ ಯಾಕೆ ಕಿತ್ತಾಡ್ತೀರಿ? ಕರುಳಿನ ಸಂಬಂಧ ಅಂತೀವಿ. ಹೆತ್ತ ಕರುಳು ಅಂತೀವಿ. ಮಕ್ಕಳು ಬಿದ್ರೆ ಚುರ್ ಅನ್ನೋದು ಕರುಳು. ಹೃದಯ ಏನ್ ಮಾಡತ್ತೆ? ನಿಂತ್ ಹೋಗತ್ತೆ, ಅಷ್ಟೇ.”



“ಕರುಳು ನಂಗೆ,” ಎಂದ ಗಿರಿಧರ್.

“ಒಡಹುಟ್ಟಿದೋನು ನಾನು ಕಣಯ್ಯಾ! ಒಂದೇ ಕರುಳು ಹಂಚ್ಕೊಂಡ್ ಬಂದೋರು ನಾವು!” ಜಯಂತ ಕೂಗಿದ್ದಕ್ಕೆ ಫೋನಿನ ಚಿತ್ರವೇ ನಡುಗಿತು.

“ಹೃದಯ ಬೇಕಾದ್ರೆ ನೀವೇ ಇಟ್ಕೊಳ್ಳಿ ಇಬ್ರೂ,” ಎಂದು ಪ್ರಣತಿ ಬಿಕ್ಕಿ ಬಿಕ್ಕಿ ಅತ್ತಳು.

ಇಂದುಧರ ಪ್ರೊಫೆಸರಿಗೆ ಫೋನ್ ಮಾಡಿ, ಮನೆಯಲ್ಲಿ ಸಾವಾಗಿದೆ, ದಾರಿಯಿಂದಲೇ ವಿಡಿಯೊದಲ್ಲಿ ಬರಲೇ ಎಂದು ಅಂಗಲಾಚಿದ. ಆಕೆ ಒಪ್ಪಿದರು, ಆದರೆ ಮೂರು ಅಂದರೆ ಮೂರು ಎಂದರು. ಅವನು ತಿರುಗಿ ಬಂದು ಸೌಟು ಕೈಗೆತ್ತಿಕೊಂಡ. ಪಾಲು ಮಾಡುವಾಗ ಜರ್ಮನಿಯಲ್ಲೂ ಮನೆಯವರು ನೋಡುತ್ತಿರಲಿಲ್ಲ ಎಂದು ಸುಳ್ಳು ಹೇಳಿ ಎಲ್ಲರ ಮುಖ ಗೋಡೆಗೆ ತಿರುಗಿಸಿದ. ಒಂದೇ ಹಿಟ್ಟನ್ನು ಮೂರು ಡಬ್ಬಿಗೆ ಸುರಿದ. ಆಮೇಲೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಜಯಂತರಿದ್ದ ಫೋನನ್ನು ಕಿವಿಗೆ ಹಿಡಿದು, ಒಂದೇ ಮಾತು ಪಿಸುಗುಟ್ಟಿದ: “ಕರುಳು ನಿಮಗೇ ಹಾಕಿದೀನಿ. ಅವರಿಗೆ ಹೇಳ್ಬೇಡಿ.”

ಮೂವರ ಮುಖದ ಮೇಲೂ ಸಾವಿನ ಮನೆಯಲ್ಲಿ ಇರಬಾರದಂಥ ಕಳೆ ಬಂತು. ವಿಕಾಸ್ ಒಂದು ಡಬ್ಬಿ ಎತ್ತಿಕೊಂಡು ಏರ್‌ಪೋರ್ಟಿಗೆ ಓಡಿದ. ಇಂದುಧರ ಮತ್ತೊಂದನ್ನು ತೊಡೆಯ ಮೇಲಿಟ್ಟುಕೊಂಡು ಗಿರಿಧರ್ ಪಕ್ಕದಲ್ಲಿ ಕೂತ.

ಸರಿಯಾಗಿ ಮೂರಕ್ಕೆ, ಎಡಕ್ಕೆ ಸಮುದ್ರ ಹೊಳೆಯುತ್ತಿದ್ದಾಗ, ಫೋನಿನಲ್ಲಿ ಮೂವರು ಪ್ರೊಫೆಸರುಗಳ ತಲೆಗಳು ಕಾಣಿಸಿಕೊಂಡವು. ಮೊದಲನೆಯ ಪ್ರಶ್ನೆ: ಸತ್ತ ದೊರೆಯನ್ನು ಹೀಗೆ ಹಂಚಿದ್ದರಿಂದ ಪಾಲು ಪಡೆದವರಿಗೆ ಸಿಕ್ಕಿದ್ದಾದರೂ ಏನು?

ಓದಿದ್ದೆಲ್ಲ ತಲೆಯಿಂದ ಇಳಿದುಹೋಗಿತ್ತು. ಇಂದುಧರ ತೊಡೆಯ ಮೇಲಿನ ಡಬ್ಬಿ ನೋಡಿದ, ಶುರು ಮಾಡಿದ. ಹೃದಯಕ್ಕೆ ಕಿತ್ತಾಡಿದ್ದು, ಕರುಳಿಗೆ ಕಿತ್ತಾಡಿದ್ದು, ಒಂದೇ ಬೂದಿ ಕೊಟ್ಟು ಮೂವರಿಗೂ ಒಂದೇ ಸುಳ್ಳು ಹೇಳಿದ್ದು. “ಅವರಿಗೆ ಬೇಕಿದ್ದದ್ದು ಭಾಗವಲ್ಲ, ಉಳಿದವರಿಗೆ ಸಿಗಲಿಲ್ಲ ಎಂಬ ನಂಬಿಕೆ,” ಎಂದು ಇಂಗ್ಲಿಷಿನಲ್ಲಿ ಭರ್ಜರಿಯಾಗಿ ಮುಗಿಸಿದ. ಖುಷಿಯಲ್ಲಿ, ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದವನು ಯಾರೆಂಬುದೇ ಮರೆತಿತ್ತು.

“ಅದ್ಭುತ,” ಎಂದರು ಅವನ ಪ್ರೊಫೆಸರ್. “ಇದು ಎಲ್ಲಿಯ ದಾಖಲೆ?”

“ಇವತ್ತು ಬೆಳಿಗ್ಗೆ ನಡೆದದ್ದು. ನಾನೇ ಮಾಡಿ ನೋಡಿದ್ದು.”

ಮೂರೂ ತಲೆಗಳು ಸ್ತಬ್ಧವಾದವು. ನೆಟ್‌ವರ್ಕ್ ಹೋಯಿತೆಂದುಕೊಂಡ. ಹೋಗಿರಲಿಲ್ಲ.

“ಮನುಷ್ಯರ ಮೇಲೆ ಪ್ರಯೋಗ ಮಾಡಲು ಅನುಮತಿ ಪಡೆದಿದ್ದೀರಾ?”

“ಅವರು ತೀರಿಕೊಂಡಿದ್ದಾರೆ.”

“ಸತ್ತವರ ಅನುಮತಿ ಬೇಕಿಲ್ಲ. ಅಳುತ್ತಿದ್ದವರದು ಬೇಕು.”

ಪರೀಕ್ಷೆ ಅಲ್ಲಿಗೇ ನಿಂತಿತು. ಆ ಮನೆಯವರೆಲ್ಲರೂ, ನಮಗೆ ಆಕ್ಷೇಪಣೆಯಿಲ್ಲ ಎಂದು ಸೋಮವಾರದೊಳಗೆ ಸಹಿ ಹಾಕಿ ಕೊಡಬೇಕು. ಇಲ್ಲದಿದ್ದರೆ ಫೇಲು.

ಕಾರೂ ನಿಂತಿತು, ಹೆದ್ದಾರಿ ಪಕ್ಕದ ರೆಸ್ಟ್ ಏರಿಯಾದಲ್ಲಿ. ಗಿರಿಧರ್ ಮಾತಿಲ್ಲದೆ ಇಳಿದು ಬಂದು, ಡಬ್ಬಿ ಎತ್ತಿಕೊಂಡು, ಇಂದುಧರನನ್ನು ಕೆಳಗಿಳಿಸಿ, ಅದೇ ಸೀಟಿನಲ್ಲಿ ಅಪ್ಪನನ್ನು ಕೂರಿಸಿ ಬೆಲ್ಟ್ ಹಾಕಿದ.

“ಗಿರಿ ಅಣ್ಣಾ, ಒಂದು ಸೈನು...”

“ನಿನ್ ಸಾಮಾನು ಗೇಟಿನ ಹೊರಗಿರತ್ತೆ.”

ಕಾರು ಹೊರಟುಹೋಯಿತು. ಫೋನು ಹೊಡೆದುಕೊಂಡಿತು. ರಾಜಲಕ್ಷ್ಮಿ ಆಂಟಿ. ಬೆಳಿಗ್ಗೆಯಿಂದ ಅವರ ದನಿ ಕೇಳಿದ್ದು ಇದೇ ಮೊದಲು.

“ಗಿರಿ ಈಗ ಫೋನ್ ಮಾಡಿ ಕೂಗಾಡ್ದ. ಏನೋ ಸೈನು ಬೇಕಂತಲ್ಲಪ್ಪಾ ನಿಂಗೆ?”

“ಹೌದು ಆಂಟಿ, ಎಲ್ಲರದ್ದೂ. ಇಲ್ದಿದ್ರೆ ನನ್ ಕತೆ ಮುಗೀತು.”

“ನಾನ್ ಹೇಳಿದ್ರೆ ಎಲ್ರೂ ಹಾಕ್ತಾರೆ. ಜಯಂತನೂ ಹಾಕ್ತಾನೆ.”

ಇಂದುಧರನಿಗೆ ಅಳು ಬಂತು. “ನೀವು ದೇವ್ರು ಆಂಟಿ!”

“ಒಂದೇ ಮಾತು. ಇಡೀ ಬದುಕು ಅವರ ಜೊತೆ ಇದ್ದೋಳು ನಾನು. ನಿಂಗೆ ಯಾವ ಭಾಗ ಬೇಕು ಅಂತ ಒಬ್ರೂ ಕೇಳ್ಲಿಲ್ಲ. ನಂಗೆ ಭಾಗ ಬೇಡ. ಅವರು ಹೇಗಿದ್ರೋ ಹಾಗೆ ಪೂರ್ತಿ ಒಂದು ಮಾಡಿ ತಂದ್ ಕೊಡು. ಅವತ್ತೇ ಸೈನು.”

ಕಾಲ್ ಕಟ್ಟಾಯಿತು. ಅದರ ಹಿಂದೆಯೇ ವಿಕಾಸನ ಮೆಸೇಜು ಬಂತು: “ಬೋರ್ಡಿಂಗ್ ಆಯ್ತು ಗುರು. ಅಂಕಲ್ ನನ್ ತಲೆ ಮೇಲಿನ ಲಗೇಜ್ ಖಾನೇಲಿ ಆರಾಮಾಗಿ ಮಲಗಿದ್ದಾರೆ. ಫೋನ್ ಆಫ್ ಮಾಡ್ತಿದೀನಿ, ಬೆಂಗಳೂರಲ್ಲಿ ಇಳಿದ ಮೇಲೆ ಮಾತಾಡೋಣ.”