ಕಿಟಕಿ ಪಕ್ಕದ ಕುರ್ಚಿಯೂ ಒಂದು ಕ್ರಿಯಾಪದವೂ

ಕೆಲಸ ತಪ್ಪಿಸಿಕೊಳ್ಳುವವರಲ್ಲಿ ಎರಡು ಜಾತಿ. ಹೇಳಿದ್ದು ಕಿವಿಗೆ ಬೀಳಲೇ ಇಲ್ಲವೆಂಬಂತೆ ಇದ್ದುಬಿಡುವವರು ಒಂದು ಜಾತಿ. ಇವರು ಬೇಗ ಸಿಕ್ಕಿಬೀಳುತ್ತಾರೆ. ಹೇಳಿದ ಕೆಲಸದ ಬಗ್ಗೆ ಆಳವಾಗಿ ಯೋಚಿಸಲು ಕೂರುವವರು ಇನ್ನೊಂದು. ಇವರನ್ನು ಹಿಡಿಯುವುದು ಕಷ್ಟ, ನೋಡಿದವರಿಗೆ ಕೆಲಸ ಭರದಿಂದ ಸಾಗುತ್ತಿರುವಂತೆಯೇ ಕಾಣುತ್ತದೆ. ನಾನು ಎರಡನೆಯ ಜಾತಿಯವನು. ಪರೇಲಿನ ಒಂದು ಜಾಹೀರಾತು ಕಚೇರಿಯಲ್ಲಿ ಕೂತು ಸೋಪು, ಶಾಂಪೂ, ಕೊಬ್ಬರಿ ಎಣ್ಣೆಗಳ ಮಹಿಮೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುವುದು ನನ್ನ ಉದ್ಯೋಗ. ಅದರಿಂದ ಹತ್ತಿದ ಚಟವೆಂದರೆ ಪದಗಳ ಬುಡ ಕೆದಕುವುದು. ಕೊಡುವ ಸಂಬಳಕ್ಕೆ ಇಷ್ಟೆಲ್ಲ ಕೆದಕಬೇಕಾಗಿಲ್ಲ ಎಂದು ನಮ್ಮ ಸಾಹೇಬರೇ ಹೇಳಿದ್ದುಂಟು.

ಘಾಟ್ಕೋಪರಿನ ನಮ್ಮ ಮನೆಯಲ್ಲಿ ನೆಟ್ಟಗೆ ಬೆಳಕು ಬರುವ ಕಿಟಕಿ ಒಂದೇ. ಅದರ ಕೆಳಗೆ ನನ್ನ ಬೆತ್ತದ ಕುರ್ಚಿ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅದು ಅಲ್ಲೇ ಇದೆ, ಅದರಲ್ಲಿ ನಾನೂ ಇದ್ದೇನೆ. ನನ್ನ ಹೆಂಡತಿ ವಾರಿಜ ಉಡುಪಿ ಕಡೆಯವಳು, ಬಿಲ್ಡಿಂಗಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಾಳೆ. ಅವಳ ಮೆಷಿನ್ ಇರುವುದು ಅಡುಗೆಮನೆಯ ಬಾಗಿಲ ಪಕ್ಕ, ಹಗಲಲ್ಲೂ ಟ್ಯೂಬ್‌ಲೈಟ್ ಹಾಕಬೇಕಾದ ಜಾಗದಲ್ಲಿ. ಒಂದು ಭಾನುವಾರ ಅವಳು ಹೇಳಿದಳು: "ನಿಮ್ಮ ಕುರ್ಚಿ ಒಂದು ಸ್ವಲ್ಪ ಆಚೆ ಶಿಫ್ಟ್ ಮಾಡಿ ಮಾರಾಯ್ರೆ. ಮೆಷಿನ್ ಕಿಟಕಿ ಹತ್ರ ಇಡ್ತೇನೆ. ಈ ಲೈಟಲ್ಲಿ ಹೊಲಿದು ಹೊಲಿದು ಕಣ್ಣಲ್ಲಿ ನೀರು ಬರ್ತದೆ. ಹೀಗೇ ಆದ್ರೆ ಹೊಲಿಗೆ ಬಿಡ್ಲಿಕ್ಕೇ ಉಂಟು."

ಬೆತ್ತದ ಕುರ್ಚಿ, ಎತ್ತಿದರೆ ಹೂವಿನ ಹಾಗೆ ಬರುತ್ತದೆ. ಆದರೆ ನನ್ನ ಕಿವಿ ಕುರ್ಚಿಯನ್ನೂ ಕಣ್ಣೀರನ್ನೂ ಬಿಟ್ಟು ಶಿಫ್ಟ್ ಎಂಬ ಮಾತನ್ನು ಹಿಡಿದುಕೊಂಡಿತು. ಈ ಪದವಿಲ್ಲದೆ ಮುಂಬಯಿಗೆ ಒಂದು ದಿನವೂ ಬೆಳಗಾಗುವುದಿಲ್ಲ. ಪರೇಲಿನಲ್ಲಿ ಗಿರಣಿಗಳಿದ್ದಾಗ ಭೋಂಗಾ, ಅಂದರೆ ಸೈರನ್, ಕೂಗಿ ಶಿಫ್ಟ್ ಬದಲಾಗುತ್ತಿತ್ತಂತೆ. ಈಗ ಅದೇ ಜಾಗದ ಗಾಜಿನ ಕಟ್ಟಡಗಳಲ್ಲಿ ಭೋಂಗಾ ಇಲ್ಲ, ಶಿಫ್ಟ್ ಮಾತ್ರ ಇದೆ. ಬಿಲ್ಡಿಂಗ್ ಕೆಡವುತ್ತಾರೆಂದು ಜನ ಫ್ರಿಜ್ಜು, ಹಾಸಿಗೆ, ತುಳಸಿ ಕುಂಡಗಳನ್ನು ಟೆಂಪೋಗೆ ಹೇರಿಕೊಂಡು ಶಿಫ್ಟ್ ಆಗುತ್ತಾರೆ. ಇಷ್ಟು ದುಡಿಯುವ ಪದದ ಊರು ಯಾವುದು, ಮನೆತನ ಯಾವುದು ಎಂದು ತಿಳಿಯದೆ ಕುರ್ಚಿಗೆ ಕೈ ಹಚ್ಚುವುದು ಸರಿಯಲ್ಲ ಎನಿಸಿತು. ಅಟ್ಟದಿಂದ ದೊಡ್ಡ ಶಬ್ದಕೋಶ ಇಳಿಸಿದೆ. ಅದು ಕುರ್ಚಿಗಿಂತ ಭಾರವಿತ್ತು.

ನೋಡಿದರೆ ಇದು ಇಂಗ್ಲಿಷಿನ ಅತಿ ಹಳೆಯ ಕ್ರಿಯಾಪದಗಳಲ್ಲೊಂದು. ಹುಟ್ಟಿದಾಗ ಅದಕ್ಕೂ ಜಾಗ ಬದಲಿಸುವುದಕ್ಕೂ ಸಂಬಂಧವೇ ಇರಲಿಲ್ಲ. ಭಾಗ ಮಾಡುವುದು, ಅವರವರ ಪಾಲು ಅವರವರಿಗೆ ಹಂಚುವುದು, ಓರಣವಾಗಿ ಇಡುವುದು, ಇವು ಅದರ ಮೊದಲ ಅರ್ಥಗಳು. ಬದಲಿಸುವುದು, ಸರಿಸುವುದು ಆಮೇಲೆ ಬಂದವು. ನಡುವೆ ಬಟ್ಟೆ ಬದಲಿಸುವುದಕ್ಕೂ ಅದನ್ನೇ ಹೇಳಿ, ಕೊನೆಗೆ ಹೆಂಗಸರ ಒಳ ಅಂಗಿಗೇ ಆ ಹೆಸರು ಅಂಟಿಕೊಂಡಿತು. ಉಪಾಯದಿಂದ ನುಣುಚಿಕೊಳ್ಳುವುದು ಎಂಬ ಅರ್ಥವೂ ಒಂದು ಕಾಲಕ್ಕೆ ಇತ್ತು. ಆ ಸಾಲು ಬಂದಾಗ ಯಾಕೋ ಪುಟ ಬೇಗ ತಿರುಗಿಸಿದೆ.

ದಿನವೂ ಊಟದ ಹೊತ್ತಿಗೆ ಅಂದಂದಿನ ಸಂಶೋಧನೆಯನ್ನು ವಾರಿಜಳಿಗೆ ವರದಿ ಮಾಡುತ್ತಿದ್ದೆ. "ಕುರ್ಚಿ?" ಎನ್ನುತ್ತಿದ್ದಳು. "ಅಲ್ಲಿಗೇ ಬರ್ತಾ ಇದ್ದೇನೆ," ಎನ್ನುತ್ತಿದ್ದೆ. ಆಮೇಲಾಮೇಲೆ ಅವಳು ಕೇಳುವುದನ್ನೂ ಬಿಟ್ಟಳು. ಒಂದು ದಿನ ಸುಮ್ಮನೆ ಸೂಜಿಯನ್ನೂ ದಾರವನ್ನೂ ತಂದು ನನ್ನ ಕೈಗೆ ಕೊಟ್ಟಳು. ಕೂತಲ್ಲಿಂದಲೇ ಕಿಟಕಿಯ ಬೆಳಕಿಗೆ ಹಿಡಿದು ಒಂದೇ ಸಲಕ್ಕೆ ಪೋಣಿಸಿ ಕೊಟ್ಟೆ. ಇಲ್ಲಿ ಬೆಳಕು ಎಷ್ಟು ಚೆನ್ನಾಗಿದೆ ನೋಡು ಎಂದು ಹೆಮ್ಮೆಯಿಂದ ಹೇಳಿದೆ ಕೂಡ.

ಇಂಥ ದಿನಗಳಲ್ಲೇ ನಮ್ಮ ಮನೆಗೆ ಪಾಟೀಲ ಬಂದ. ಅವನು ನನ್ನ ಲೋಕಲ್ ರೈಲಿನ ಗೆಳೆಯ. ವಿಜಯಪುರದ ಕಡೆಯವನು, ದಿನಾ ಬೆಳಿಗ್ಗೆ ಡೊಂಬಿವಲಿಯಲ್ಲಿ ಹತ್ತುತ್ತಾನೆ. ನಮ್ಮ ಡಬ್ಬಿಯ ಗುಂಪಿನಲ್ಲಿ ಒಂದು ಕಟ್ಟಳೆಯಿದೆ. ಡೊಂಬಿವಲಿಯಿಂದ ಕೂತು ಬಂದವರು ಘಾಟ್ಕೋಪರಿನಲ್ಲಿ ಎದ್ದು, ನಿಂತಿರುವವರಿಗೆ ಜಾಗ ಬಿಡಬೇಕು. ಯಾರಾದರೊಬ್ಬರು "ಘಾಟ್ಕೋಪರ್ ಬಂತು" ಎಂದರೆ ಸಾಕು, ನಿದ್ದೆಯಲ್ಲಿದ್ದವರೂ ಏಳುತ್ತಾರೆ. ಪಾಟೀಲ ಎದ್ದ ಸೀಟಿನಲ್ಲಿ ನಾನು ಕೂರುತ್ತೇನೆ. ಶೇಂಗಾ ಚಟ್ನಿಪುಡಿ ಹಿಡಿದು ಬಂದ ಅವನನ್ನು ಮೋಡಾ ಎಂಬ ಬಿದಿರಿನ ಸ್ಟೂಲಿನ ಮೇಲೆ ಕೂರಿಸಿ, ಕುರ್ಚಿಯಲ್ಲಿ ಒರಗಿ, ನನ್ನ ಸಂಶೋಧನೆಯನ್ನೆಲ್ಲ ಬಿಚ್ಚಿದೆ.

"ಅಲ್ರಿ ಸರ, ಪಾಲ ಹಂಚೂದು ಅಂದ್ರ ನಮ್ಮ ಗಾಡಿ ರೂಲೇ ಆತಲ್ರಿ," ಎಂದ ಪಾಟೀಲ. ಕಾಫಿ ತಂದ ವಾರಿಜ "ಎಂಥ ರೂಲು?" ಎಂದು ಕೇಳಿದಳು. ಅವನು ಎಲ್ಲವನ್ನೂ ವಿವರಿಸಿದ.

"ಹೇಳಿದ ಕೂಡ್ಲೆ ಏಳ್ತಾರಾ?" ಎಂದಳು ಅವಳು.

"ಏಳಾಕ ಬೇಕ್ರಿ ವೈನೀ. ತಕರಾರಿಲ್ಲ. ಸರ ಇಷ್ಟು ವರ್ಷ ನಾ ಎದ್ದ ಜಾಗಾದಾಗ ಕುಂತಾರ್ರಿ."

ವಾರಿಜ ಟ್ರೇ ಕೆಳಗಿಟ್ಟು ನನ್ನನ್ನು ನೋಡಿದಳು. ದನಿ ಏರಿಸದೆ, "ಘಾಟ್ಕೋಪರ್ ಬಂತು," ಎಂದಳು. ಅಭ್ಯಾಸಬಲದಿಂದ ಪಾಟೀಲ ಕಾಫಿ ಲೋಟ ಹಿಡಿದುಕೊಂಡೇ ಎದ್ದು ನಿಂತ. ಮೂವರಲ್ಲಿ ಕೂತಿದ್ದವನು ನಾನೊಬ್ಬನೇ. ಈ ಮಾತು ಕೇಳಿದಾಗಲೆಲ್ಲ ನಾನು ಕೂತವನೇ ಹೊರತು ಎದ್ದವನಲ್ಲ ಎಂಬುದು ಆಗ ಹೊಳೆದು ನಾಚಿಕೆಯಾಯಿತು. ಎದ್ದೆ. ಅವಳು ಒಂದೇ ಕೈಯಲ್ಲಿ ಕುರ್ಚಿ ಎತ್ತಿ ಅಡುಗೆಮನೆಯ ಬಾಗಿಲಿಗೆ ಒಯ್ದಳು. ಪಾಟೀಲನೂ ನಾನೂ ಮೆಷಿನ್ ಹೊತ್ತು ಕಿಟಕಿಗೆ ತಂದೆವು.

ಈಗ ವಾರಿಜಳ ಕಣ್ಣಲ್ಲಿ ನೀರು ಬರುವುದಿಲ್ಲ. ಸೂಜಿಗೆ ದಾರ ಅವಳೇ ಪೋಣಿಸಿಕೊಳ್ಳುತ್ತಾಳೆ, ಹಾಡಿಕೊಂಡು ಹೊಲಿಯುತ್ತಾಳೆ. ಅದನ್ನು ನೋಡಿ ನನಗೆ ಸಂತೋಷವೇ ಆಗಿದೆ. ಆದರೆ ಟ್ಯೂಬ್‌ಲೈಟಿನಲ್ಲಿ ಶಬ್ದಕೋಶದ ಸಣ್ಣ ಅಕ್ಷರ ನನಗೆ ಕಾಣುವುದಿಲ್ಲ. ಮೊನ್ನೆ ಮೆಲ್ಲಗೆ ಕೇಳಿದೆ, ಒಂದು ಪದ ನೋಡುವುದಿದೆ, ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ಬಂದು ಕೂರಲೇ, ಕಟ್ಟಳೆ ಎಂದರೆ ಇಬ್ಬರಿಗೂ ಕಟ್ಟಳೆಯೇ ಅಲ್ಲವೇ ಎಂದು. ಅವಳು ಮೆಷಿನ್ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

"ಸ್ವಲ್ಪ ತಡೀರಿ ಮಾರಾಯ್ರೆ," ಎಂದಳು. "ಗಾಡಿ ಈಗಷ್ಟೇ ಡೊಂಬಿವಲಿ ಬಿಟ್ಟದ್ದು."